ಗಡಿ ತಪಾಸಣೆಗೆ ಕಾರಣ ಕೊಡುವಾಗ

ಯುರೋಪಿನ ಷೆಂಗೆನ್ ವಲಯದ 29 ದೇಶಗಳ ನಡುವಿನ ಗಡಿಗಳಲ್ಲಿ ಸಾಮಾನ್ಯವಾಗಿ ಯಾರೂ ಪಾಸ್‌ಪೋರ್ಟ್ ಕೇಳುವಂತಿಲ್ಲ. ಭಯೋತ್ಪಾದನೆಯ ಬೆದರಿಕೆ ಇದ್ದರೆ ಒಂದು ದೇಶ ತಾತ್ಕಾಲಿಕವಾಗಿ ತಪಾಸಣೆ ಶುರು ಮಾಡಬಹುದು. ಆದರೆ ಏಕೆ, ಎಲ್ಲಿ, ಎಷ್ಟು ದಿನ ಎಂಬುದನ್ನು ಬ್ರಸೆಲ್ಸ್‌ನ ಯುರೋಪಿಯನ್ ಕಮಿಷನ್‌ಗೂ ಉಳಿದ ದೇಶಗಳಿಗೂ ಬರೆದು ತಿಳಿಸಬೇಕು. ಆ ಕಾರಣಗಳನ್ನು ಕಾನೂನಿನ ಒರೆಗೆ ಹಚ್ಚುವುದು ವಕೀಲನಾಗಿ ನನ್ನ ಕಸುಬು. ಅದರಲ್ಲಿ ಕಲಿತದ್ದು ಇಷ್ಟು.

1. ಭಯೋತ್ಪಾದನೆ ಎಂದಷ್ಟೇ ಬರೆದರೆ ಅದು ಕಾರಣವಲ್ಲ. ಫ್ರಾನ್ಸ್ 2015ರ ನವೆಂಬರಿನಲ್ಲಿ ಶುರು ಮಾಡಿದ ತಪಾಸಣೆಯನ್ನು ಮತ್ತೆ ಮತ್ತೆ ಮುಂದುವರಿಸುತ್ತ ಬಂದಿದೆ. ಕಾರಣಗಳ ಸಾಲಿಗೆ ವಲಸೆ, ಕೊರೋನಾ, ಒಲಿಂಪಿಕ್ಸ್ ಕೂಡ ಸೇರಿದವು. ನಾಲ್ಕಾರು ಕಾರಣ ಒಟ್ಟಿಗೆ ಕಟ್ಟಿಕೊಂಡು ಬಂದ ಕಡತ ಕಂಡರೆ ನನಗೆ ಅನುಮಾನ. ಗಟ್ಟಿ ಕಾರಣ ಒಂದಿದ್ದರೆ ಸಾಕಲ್ಲ?

2. ಗಡಿಯಲ್ಲೇ ಏಕೆ ಎಂಬ ಪ್ರಶ್ನೆಗೆ ಉತ್ತರ ಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಪ್ಯಾರಿಸ್‌ನ ಭಯೋತ್ಪಾದಕ ದಾಳಿಯಲ್ಲಿ 130 ಜನ ಸತ್ತ 2015ರ ನವೆಂಬರ್ 13ರ ಮರುದಿನ ಬೆಳಿಗ್ಗೆ, ಬೆಲ್ಜಿಯಂ ಕಡೆಗೆ ಹೊರಟಿದ್ದ ಕಾರೊಂದನ್ನು ಫ್ರಾನ್ಸಿನ ಕಾಂಬ್ರೆ ಬಳಿ ಪೊಲೀಸರು ತಡೆದರು. ಒಳಗೆ ದಾಳಿಕೋರರ ಗುಂಪಿನ ಸಲಾಹ್ ಅಬ್ದೆಸ್ಲಾಂ ಇದ್ದ. ಗುರುತಿನ ಚೀಟಿ ನೋಡಿ ಬಿಟ್ಟುಬಿಟ್ಟರು. ದಾಳಿಗೂ ಅವನಿಗೂ ನಂಟಿರುವ ಮಾಹಿತಿ ಅವರಿಗೆ ಇನ್ನೂ ತಲುಪಿರಲಿಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುತ್ತೇವೆ. ಇಲ್ಲಿ ಬಾಗಿಲಲ್ಲಿ ಕಾವಲೂ ಇತ್ತು, ಕಳ್ಳ ಯಾರೆಂದು ಕಾವಲಿನವರಿಗೆ ಗೊತ್ತಿರಲಿಲ್ಲ. ಮರುವರ್ಷ ಬರ್ಲಿನ್ನಿನ ಕ್ರಿಸ್‌ಮಸ್ ಮಾರುಕಟ್ಟೆಗೆ ಲಾರಿ ನುಗ್ಗಿಸಿದವನು ಫ್ರಾನ್ಸನ್ನೂ ಹಾದು ಇಟಲಿ ತಲುಪಿದ. ಕೊನೆಗೆ ಎದುರಾದದ್ದು ಮಿಲಾನ್ ಪಕ್ಕದ ಊರಿನ ರಾತ್ರಿ ಗಸ್ತಿನ ಪೊಲೀಸರು. ಹಾಗಾಗಿ ಮಾಮೂಲಿ ಪೊಲೀಸ್ ಗಸ್ತು ಏಕೆ ಸಾಲದು ಎಂದು ವಿವರಿಸದ ಕಡತವನ್ನು ನಾನು ಒಪ್ಪುವುದಿಲ್ಲ. ಕಾನೂನೂ ಗಡಿ ತಪಾಸಣೆಯನ್ನು ಕೊನೆಯ ಉಪಾಯ ಎಂದೇ ಕರೆಯುತ್ತದೆ.

3. ಹಳೆಯ ಬೆದರಿಕೆಗೆ ಹೊಸ ತಾರೀಖು ಹಾಕಬೇಡಿ. 2019ರಲ್ಲಿ ಸ್ಲೊವೇನಿಯಾದಿಂದ ಆಸ್ಟ್ರಿಯಾದ ಸ್ಪೀಲ್‌ಫೆಲ್ಡ್‌ಗೆ ಬಂದ ಪ್ರಯಾಣಿಕರೊಬ್ಬರು ಪಾಸ್‌ಪೋರ್ಟ್ ತೋರಿಸಲು ಒಪ್ಪಲಿಲ್ಲ. 36 ಯೂರೋ ದಂಡ ಬಿತ್ತು. ಮೊಕದ್ದಮೆ ಲಕ್ಸೆಂಬರ್ಗ್‌ನ ಐರೋಪ್ಯ ನ್ಯಾಯಾಲಯದವರೆಗೂ ಹೋಯಿತು. 2022ರ ಏಪ್ರಿಲ್ 26ರ ತೀರ್ಪು: ಹೊಸ ಬೆದರಿಕೆ ತೋರಿಸದೆ ಆರು ತಿಂಗಳು ಮೀರುವಂತಿಲ್ಲ; ಮೀರಿದರೆ ದಂಡವೂ ಸಲ್ಲದು. ಸರ್ಕಾರಗಳ ಉತ್ತರ ಬಂದದ್ದು ಷೆಂಗೆನ್ ಕಾನೂನಿನ 2024ರ ತಿದ್ದುಪಡಿಯಲ್ಲಿ. ಮಿತಿ ಎರಡು ವರ್ಷಕ್ಕೆ ಏರಿತು, ತೀರ ಅಸಾಧಾರಣ ಪರಿಸ್ಥಿತಿಯಲ್ಲಿ ಮೂರು. ತೀರ್ಪನ್ನು ಪಾಲಿಸುವುದಕ್ಕಿಂತ ಕಾನೂನನ್ನೇ ಹಿಗ್ಗಿಸುವುದು ಸಲೀಸು, ಬಿಡಿ. ಹನ್ನೆರಡು ತಿಂಗಳು ದಾಟಿದರೆ ತಪಾಸಣೆಯ ಅಗತ್ಯದ ಬಗ್ಗೆ ಯುರೋಪಿಯನ್ ಕಮಿಷನ್ ಅಭಿಪ್ರಾಯ ಕೊಡಲೇಬೇಕು ಎಂಬುದೊಂದು ಸಮಾಧಾನ.

4. ದಿನವೂ ದಾಟುವವರನ್ನು ಲೆಕ್ಕಕ್ಕೆ ಹಿಡಿಯಿರಿ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಿಂದ ಜರ್ಮನಿಯ ಕೇಲ್‌ಗೆ ಟ್ರಾಮ್ ಓಡುತ್ತದೆ. ಮಧ್ಯದ ರೈನ್ ನದಿಯೇ ಗಡಿ; ಅಲ್ಲಿ ತಪಾಸಣೆ ಹೂಡಿದರೆ ಅದು ಆ ಟ್ರಾಮಿನವರಿಗೂ ತಟ್ಟುತ್ತದೆ.

5. ಇದು ಯುರೋಪಿನಲ್ಲಿರುವ ನಮ್ಮ ಕನ್ನಡದವರಿಗೆ. ಮ್ಯೂನಿಕ್‌ನಿಂದ ಸಾಲ್ಸ್‌ಬರ್ಗ್‌ಗೆ ಭಾನುವಾರ ಸುತ್ತಾಡಲು ಹೊರಟರೂ ಪಾಸ್‌ಪೋರ್ಟ್, ರೆಸಿಡೆನ್ಸ್ ಪರ್ಮಿಟ್ ಎರಡೂ ಜೊತೆಗಿರಲಿ. ಆ ಗಡಿಯಲ್ಲಿ ಜರ್ಮನಿಯ ತಾತ್ಕಾಲಿಕ ತಪಾಸಣೆ ಶುರುವಾದದ್ದು 2015ರ ಸೆಪ್ಟೆಂಬರಿನಲ್ಲಿ.