ಹತ್ತಿ ಕಟ್ಟಿಗೆ, ಕಾರ್ಖಾನೆಯ ರಾಡಿ: ಉರುವಲಾಗುವ ಬಗೆ

ಹತ್ತಿ ಬಿಡಿಸಿ ಮುಗಿದ ಹೊಲದಲ್ಲಿ ನಿಂತ ಕಟ್ಟಿಗೆ ಎಕರೆಗೆ ಹೆಚ್ಚುಕಡಿಮೆ ಒಂದು ಟನ್ ತೂಗುತ್ತದೆ. ಮಳೆ ಕೈಕೊಟ್ಟ ವರ್ಷ ಇನ್ನೂ ಕಡಿಮೆ. ಬೆಳಗಾವಿ ಜಿಲ್ಲೆಯ ಯರಗಟ್ಟಿ, ಸವದತ್ತಿ, ಬೈಲಹೊಂಗಲ, ರಾಮದುರ್ಗದ ಕಡೆ ಇದರ ಜೊತೆಗೆ ತೊಗರಿ ಕಟ್ಟಿಗೆ, ಗೋವಿನಜೋಳದ ದಂಟು, ಕಬ್ಬಿನ ರವದಿಯೂ ಉಳಿಯುತ್ತವೆ. ಒಲೆಗೆ ಹೋದಷ್ಟು ಹೋಗಿ ಮಿಕ್ಕಿದ್ದಕ್ಕೆ ಹೊಲದಲ್ಲೇ ಬೆಂಕಿ ಬೀಳುತ್ತದೆ. ಇತ್ತ ಮುನವಳ್ಳಿ, ಎಂ.ಕೆ. ಹುಬ್ಬಳ್ಳಿಯಂಥ ಊರುಗಳ ಸಕ್ಕರೆ ಕಾರ್ಖಾನೆಯಲ್ಲಿ 100 ಟನ್ ಕಬ್ಬು ನುರಿಸಿದರೆ ಸುಮಾರು 30 ಟನ್ ಸಿಪ್ಪೆ, ರಸ ಸೋಸಿದಾಗ ಉಳಿಯುವ ರಾಡಿ, ಅಂದರೆ ಪ್ರೆಸ್‌ಮಡ್, 3ರಿಂದ 4 ಟನ್ ಹೊರಬೀಳುತ್ತದೆ. ಸಿಪ್ಪೆ ಕಾರ್ಖಾನೆಯ ಬಾಯ್ಲರಿಗೇ ಬೇಕು. ಪ್ರಶ್ನೆ ಇರುವುದು ಪ್ರೆಸ್‌ಮಡ್ಡಿನ ಬಗ್ಗೆ.

ಅದನ್ನು ಸುಡಬಹುದೇ ಎಂಬುದನ್ನು ನೀರು ನಿರ್ಧರಿಸುತ್ತದೆ. ತಾಜಾ ಪ್ರೆಸ್‌ಮಡ್ಡಿನಲ್ಲಿ ನೂರಕ್ಕೆ 70ರಿಂದ 75 ಪಾಲು ನೀರು. ಒಂದು ಕಿಲೋ ನೀರು ಆವಿಯಾಗಲು 600 ಕಿಲೋಕ್ಯಾಲರಿಯಷ್ಟು ಶಾಖ ಬೇಕು. ಹಾಗಾಗಿ ಒಣ ಅಂಶ ಕೊಡುವ ಶಾಖದಲ್ಲಿ ಸುಮಾರು ಅರ್ಧ ತನ್ನದೇ ನೀರು ಹಾರಿಸುವುದರಲ್ಲಿ ತೀರುತ್ತದೆ. ಬೂದಿಯೂ ಹೆಚ್ಚು. ಬೇಸಿಗೆಯ ಬಿಸಿಲಲ್ಲಿ ಒಣಗಿಸಿ, ಕಟ್ಟಿಗೆ ಪುಡಿಗೆ ಸ್ವಲ್ಪ ಬೆರೆಸಿದರೆ ಅಂಟಿನಂತೆ ಹಿಡಿದುಕೊಳ್ಳುತ್ತದೆ, ನಿಜ. ಆದರೂ ಸಾರಜನಕ, ರಂಜಕ, ಸಾವಯವ ಅಂಶ ಎಲ್ಲವೂ ಇರುವ ವಸ್ತುವನ್ನು ಒಲೆಗೆ ಹಾಕುವುದಕ್ಕಿಂತ ಕೊಳೆಸಿ ಎರೆಭೂಮಿಗೆ ಹಾಕುವುದೇ ಲೇಸು.

ಡಿಸ್ಟಿಲರಿಯ ರಾಡಿಯ ಕಥೆ ಬೇರೆ. ಸ್ಪೆಂಟ್‌ವಾಶ್ ಎಂಬ ಕಪ್ಪು ದ್ರವವನ್ನು ಘನಾಂಶ ನೂರಕ್ಕೆ 55–60 ಆಗುವವರೆಗೆ ಬತ್ತಿಸಿ, ಸಿಪ್ಪೆ ಅಥವಾ ಕಲ್ಲಿದ್ದಲಿನ ಜೊತೆ ಪ್ರತ್ಯೇಕ ಬಾಯ್ಲರಿನಲ್ಲಿ ಉರಿಸಲಾಗುತ್ತದೆ. ಉಳಿಯುವ ಬೂದಿಯಲ್ಲಿ ಪೊಟ್ಯಾಷ್ ಹೇರಳ. ಅದರಿಂದ ತಯಾರಾಗುವ, ನೂರಕ್ಕೆ 14.5 ಪಾಲು ಪೊಟ್ಯಾಷ್ ಇರುವ ಪಿಡಿಎಂ ಗೊಬ್ಬರಕ್ಕೆ 2021ರಿಂದ ಕೇಂದ್ರದ ಸಹಾಯಧನವಿದೆ. ಇದು ಕಾರ್ಖಾನೆಯ ಮಟ್ಟದ ಕೆಲಸ, ರೈತರ ಅಂಗಳದ್ದಲ್ಲ.

ರೈತರ ಕೈಯಲ್ಲಿರುವುದು ಹತ್ತಿ ಕಟ್ಟಿಗೆ. ಇಡಿಯಾಗಿ ಹೇರಿದರೆ ಟ್ರೇಲರ್ ತುಂಬುತ್ತದೆಯೇ ಹೊರತು ತೂಕ ಬರುವುದಿಲ್ಲ. ಬಾಡಿಗೆಯೇ ಬೆಲೆಯನ್ನು ನುಂಗುತ್ತದೆ. ಆದ್ದರಿಂದ ಟ್ರ್ಯಾಕ್ಟರಿಗೆ ಜೋಡಿಸುವ ಯಂತ್ರದಿಂದ ಹೊಲದಲ್ಲೇ ಚೂರು ಮಾಡಿಸುವುದು ಮೊದಲ ಹೆಜ್ಜೆ. ಆಮೇಲೆ ತೇವ ನೂರಕ್ಕೆ 8ರಿಂದ 12ಕ್ಕೆ ಇಳಿಯಬೇಕು. ಬಗ್ಗಿಸಿದಾಗ ಬಳುಕುವ ಕಡ್ಡಿ ಇನ್ನೂ ಹಸಿ. ಪಟ್ಟನೆ ಮುರಿಯುವಂತಾದರೆ ಸಾಗಿಸಬಹುದು. ಒಣಗಿದ ಚೂರನ್ನು ಪುಡಿ ಮಾಡಿ ಬ್ರಿಕೆಟ್ ಎಂಬ ಉರುವಲು ಕೊರಡು ಒತ್ತುವ ಯಂತ್ರಕ್ಕೆ ಹಾಕಿದರೆ, ಅದರ ಒತ್ತಡದಲ್ಲಿ ಪುಡಿ ಬಿಸಿಯಾಗಿ ಕಟ್ಟಿಗೆಯೊಳಗಿನ ಲಿಗ್ನಿನ್ ಮೆತ್ತಗಾಗುತ್ತದೆ, ಅದೇ ಅಂಟಾಗಿ 60ರಿಂದ 90 ಮಿಲಿಮೀಟರ್ ದಪ್ಪದ ಗಟ್ಟಿ ಕೊರಡು ಹೊರಬರುತ್ತದೆ. ಬೇರೆ ಅಂಟು ಬೇಡ. ಕಿಲೋಗೆ 3500–4000 ಕಿಲೋಕ್ಯಾಲರಿ ಶಾಖ, ಅಂದರೆ ಭಾರತದ ಸಾಧಾರಣ ಕಲ್ಲಿದ್ದಲಿನ ಮಟ್ಟ. ಬೂದಿ ಮಾತ್ರ ಅದಕ್ಕಿಂತ ಎಷ್ಟೋ ಕಡಿಮೆ. ಕಟ್ಟಿಗೆಗೆ ಮಣ್ಣು ಮೆತ್ತಿದ್ದರೆ ಆ ಮೇಲುಗೈ ಹೋಗುತ್ತದೆ, ಯಂತ್ರದ ಅಚ್ಚೂ ಸವೆಯುತ್ತದೆ.

ಇನ್ನೊಂದು ಲಾಭ ಹೊಲಕ್ಕೇ ಸೇರಿದ್ದು. ಗುಲಾಬಿ ಕಾಯಿಕೊರಕ ಹುಳು ಗಿಡದಲ್ಲಿ ಉಳಿದ ಒಣ ಕಾಯಿಗಳಲ್ಲಿ ಅಡಗಿ ಮುಂದಿನ ಹಂಗಾಮಿಗೆ ದಾಟುತ್ತದೆ. ಕೊನೆಯ ಬಿಡಿಸುವಿಕೆ ಆದ ಕೂಡಲೇ ಕಟ್ಟಿಗೆ ಕಿತ್ತು ಚೂರು ಮಾಡಿದರೆ ಆ ದಾರಿ ಮುಚ್ಚುತ್ತದೆ. ಬದುವಿನಲ್ಲಿ ಬಣವೆ ಒಟ್ಟಿಟ್ಟರೆ ಮುಚ್ಚುವುದಿಲ್ಲ.

ಎಲ್ಲ ಉಳಿಕೆಯೂ ಉರುವಲಲ್ಲ. ಜೋಳದ ಕಣಿಕೆ ದನದ ಪಾಲು. ರವದಿಯಲ್ಲಿ ಪೊಟ್ಯಾಷಿಯಂ, ಕ್ಲೋರಿನ್ ಹೆಚ್ಚಿದ್ದು ಬಾಯ್ಲರ್ ಕೊಳವೆಗೆ ಬೂದಿ ಕರಗಿ ಅಂಟುತ್ತದೆ. ರವದಿ ಕೂಳೆ ಕಬ್ಬಿನ ಸಾಲಿಗೆ ಹೊದಿಕೆಯಾಗುವುದೇ ಸರಿ. ಬಣ್ಣ, ಲೋಹಲೇಪನ, ಚರ್ಮದಂಥ ಉದ್ದಿಮೆಗಳ ರಾಡಿಯನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ತರಬಾರದು. ಅದರ ಭಾರಲೋಹ ಸುಟ್ಟರೆ ನಾಶವಾಗದೆ ಹೊಗೆ, ಬೂದಿಗೆ ಸೇರುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅದರ ವಿಲೇವಾರಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇಕು.

ಇಟ್ಟಿಗೆ ಭಟ್ಟಿ, ಸಣ್ಣ ಬಾಯ್ಲರುಗಳು ಬ್ರಿಕೆಟ್ಟಿನ ಹತ್ತಿರದ ಗಿರಾಕಿಗಳು. ಕೇಂದ್ರ ವಿದ್ಯುತ್ ಸಚಿವಾಲಯದ 2023ರ ಪರಿಷ್ಕೃತ ನೀತಿ ಕಲ್ಲಿದ್ದಲು ಸ್ಥಾವರಗಳಿಗೆ 2024–25ರಲ್ಲಿ ನೂರಕ್ಕೆ 5, ಮರುವರ್ಷದಿಂದ 7 ಪಾಲು ಜೈವಿಕ ಉರುವಲನ್ನು ಗೊತ್ತುಮಾಡಿತ್ತು. ಆದರೆ ಅವು ಕೇಳುವುದು ಸಣ್ಣ ಪೆಲೆಟ್. ಯರಗಟ್ಟಿಯಿಂದ ವಿಜಯಪುರ ಜಿಲ್ಲೆಯ ಕೂಡಗಿಯ ಸ್ಥಾವರಕ್ಕೆ ಸಾಗಣೆಯ ಖರ್ಚೂ ಸಣ್ಣದಲ್ಲ. ಯಂತ್ರಕ್ಕೆ ಹಣ ಹಾಕುವ ಮೊದಲು ಖರೀದಿದಾರರ ಕರಾರು ಕೈಯಲ್ಲಿರಬೇಕು. ತಾಂತ್ರಿಕ ಸಲಹೆಗೆ ಬೈಲಹೊಂಗಲ ತಾಲ್ಲೂಕಿನ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ ಹತ್ತಿರದಲ್ಲಿದೆ. ಸಿದ್ಧವಾದ ಬ್ರಿಕೆಟ್ ಒಂದು ಮಳೆಗೆ ನೆನೆದರೂ ಉಬ್ಬಿ ಪುಡಿಯಾಗುತ್ತದೆ. ಮೃಗಶಿರಾ ಮಳೆಗೆ ಮುಂಚೆ ಅದನ್ನು ನೆಲದಿಂದ ಎತ್ತರಕ್ಕೆ, ತಗಡಿನ ಕೆಳಗೆ ಒಟ್ಟಿಡಬೇಕು.