ಒಂದೇ ತಂತಿ, ಮೂರು ಅಪ್ಪಣೆ

ಆಟಿ ತಿಂಗಳ ಮಳೆಗಾಳಿಗೆ ಅಲೆವೂರಿನಲ್ಲಿ ವಿದ್ಯುತ್ತು ನಿಂತುಹೋದ ಒಂದು ರಾತ್ರಿಯನ್ನು ಊಹಿಸಿಕೊಳ್ಳಿ. ಓದುತ್ತ ಕುಳಿತ ವಿದ್ಯಾರ್ಥಿಯ ಮುಂದೆ ಲ್ಯಾಪ್‌ಟಾಪ್ ಒಂದೇ ಬೆಳಗುತ್ತಿದೆ. ಅದರ ಬ್ಯಾಟರಿಯಲ್ಲಿ ಉಳಿದ ಶಕ್ತಿ ಎಷ್ಟು ಹೊತ್ತಿಗೆ ಸಾಕಾದೀತು? ಇದು ಬ್ಯಾಟರಿಯೊಂದನ್ನೇ ಅವಲಂಬಿಸಿದ ವಿಷಯವಲ್ಲ. ಯಂತ್ರದೊಳಗೆ ಎರಡು ಪುಟ್ಟ ಚಿಪ್‌ಗಳ ನಡುವೆ ಒಂದು ತಂತಿಯ ಮೂಲಕ ನಡೆಯುವ ಸಂಕೇತ ವ್ಯವಹಾರವನ್ನೂ ಅದು ಅವಲಂಬಿಸಿದೆ. ಆ ವ್ಯವಹಾರವು ಯಾವ ಬಗೆಯದೆಂಬುದನ್ನು ಈಗ ವಿಚಾರ ಮಾಡೋಣ.

ಕಡಿದು ಇಳಿಸುವ ಉಪಾಯ

ಬ್ಯಾಟರಿಯ ವಿಭವವು ಸುಮಾರು 12 ವೋಲ್ಟು; ಗಣಕದ ಪ್ರೊಸೆಸರಿಗೆ ಬೇಕಾದುದು ಸುಮಾರು 1 ವೋಲ್ಟು. ನಡುವೆ ಒಂದು ರೋಧಕವನ್ನಿಟ್ಟು ಉಳಿದ 11 ವೋಲ್ಟುಗಳನ್ನು ಅದರಲ್ಲಿಯೇ ತಡೆಯಬಹುದು. ಆದರೆ ಆಗ ಬ್ಯಾಟರಿಯು ಕೊಟ್ಟ 12 ಪಾಲು ಶಕ್ತಿಯಲ್ಲಿ 11 ಪಾಲು ಶಾಖವಾಗಿ ನಷ್ಟವಾಗುತ್ತದೆ.

ಇದಕ್ಕಿಂತ ಮೇಲಾದ ಉಪಾಯವೊಂದುಂಟು. ವಿದ್ಯುತ್ತನ್ನು ತಡೆಯುವ ಬದಲು ಕಡಿದು ಕಡಿದು ಬಿಡುವುದು. ಟ್ರಾನ್ಸಿಸ್ಟರಿನ ಸ್ವಿಚ್ಚನ್ನು ಕಾಲದ 12ರಲ್ಲಿ 1 ಪಾಲು ಹಾಕಿ, 11 ಪಾಲು ಆರಿಸಿದರೆ ಸರಾಸರಿ ವಿಭವವು 1 ವೋಲ್ಟಾಗುತ್ತದೆ. ಸೆಕೆಂಡಿಗೆ 5 ಲಕ್ಷ ಸಲ ಹೀಗೆ ಮಾಡುವುದಾದರೆ ಒಂದು ಆವರ್ತಕ್ಕೆ 2 ಮೈಕ್ರೋಸೆಕೆಂಡು. ಸ್ವಿಚ್ಚು ಹಾಕಿರುವ ಕಾಲ ಅದರಲ್ಲಿ ಆರನೆಯ ಒಂದು ಮೈಕ್ರೋಸೆಕೆಂಡು ಮಾತ್ರ. ಈ ತುಂಡು ತುಂಡಾದ ಪ್ರವಾಹವನ್ನು ತಂತಿಯ ಸುರುಳಿಯೂ ಧಾರಕವೂ ಸೇರಿ ಸಮಗೊಳಿಸುತ್ತವೆ.

ಎರಡು ಸ್ವಿಚ್ಚುಗಳು

ಸುರುಳಿಯಲ್ಲಿ ಹರಿಯುವ ಪ್ರವಾಹವು ಥಟ್ಟನೆ ನಿಲ್ಲಲಾರದು. ಮೇಲಣ ಸ್ವಿಚ್ಚನ್ನು ಆರಿಸಿದಾಗ ಅದಕ್ಕೆ ಕೆಳಗಿನಿಂದ ಬೇರೊಂದು ದಾರಿ ಬೇಕು. ಹಿಂದೆ ಆ ಸ್ಥಾನದಲ್ಲಿ ಡಯೋಡನ್ನು ಇಡುತ್ತಿದ್ದರು. ಪ್ರವಾಹವನ್ನು ಒಂದೇ ದಿಕ್ಕಿಗೆ ಬಿಡುವುದು ಡಯೋಡಿನ ಗುಣ. ಆದರೆ ಸಿಲಿಕಾನ್ ಡಯೋಡು ಸುಮಾರು 0.7 ವೋಲ್ಟನ್ನು ತಾನೇ ನುಂಗಿಬಿಡುತ್ತದೆ. ಫಲವೇ 1 ವೋಲ್ಟಾಗಿರುವಾಗ ಈ ತೆರಿಗೆ ಬಹಳ ಹೆಚ್ಚು. ಆದುದರಿಂದ ಡಯೋಡಿನ ಸ್ಥಾನಕ್ಕೆ ಎರಡನೆಯ ಟ್ರಾನ್ಸಿಸ್ಟರು ಬಂದಿತು. ನಷ್ಟವು ಕಡಿಮೆಯಾಯಿತು, ಜೊತೆಗೆ ಎರಡು ಅಪಾಯಗಳೂ ಬಂದವು.

ಮೊದಲನೆಯದು: ಎರಡು ಸ್ವಿಚ್ಚುಗಳೂ ಏಕಕಾಲದಲ್ಲಿ ಹತ್ತಿದರೆ ಬ್ಯಾಟರಿಯು ನೇರವಾಗಿ ನೆಲಸಂಪರ್ಕಕ್ಕೆ ಸೇರಿ, ಭಾರೀ ಪ್ರವಾಹ ಹರಿದು, ಸ್ವಿಚ್ಚುಗಳೇ ಸುಟ್ಟುಹೋಗಬಹುದು. ಎರಡನೆಯದು ಹೊರೆ ಹಗುರಾದಾಗ ಕಾಣಿಸಿಕೊಳ್ಳುವಂಥದು. ಪ್ರೊಸೆಸರಿಗೆ ಹೆಚ್ಚು ಕೆಲಸವಿಲ್ಲದಿರುವಾಗ ಸುರುಳಿಯ ಪ್ರವಾಹವು ಆವರ್ತದ ನಡುವೆಯೇ ಸೊನ್ನೆಗೆ ಇಳಿಯುತ್ತದೆ. ಡಯೋಡಾಗಿದ್ದರೆ ಅಲ್ಲಿಗೇ ನಿಲ್ಲಿಸುತ್ತಿತ್ತು. ಟ್ರಾನ್ಸಿಸ್ಟರಿಗೆ ಆ ವಿವೇಕವಿಲ್ಲ. ಧಾರಕದಲ್ಲಿ ಕೂಡಿಟ್ಟ ವಿದ್ಯುತ್ತನ್ನು ಅದು ಹಿಮ್ಮುಖವಾಗಿ ಹರಿಯಬಿಡುತ್ತದೆ.

ನಿಯಂತ್ರಕ ಮತ್ತು ಚಾಲಕ

ಯಾವಾಗ ಯಾವ ಸ್ವಿಚ್ಚು ಎಂಬುದನ್ನು ನಿರ್ಣಯಿಸುವ ಚಿಪ್ ನಿಯಂತ್ರಕ. ಅದರ ಸಂಕೇತವು ದುರ್ಬಲವಾದುದು. ಟ್ರಾನ್ಸಿಸ್ಟರಿನ ದ್ವಾರಕ್ಕಾದರೋ ಅತ್ಯಲ್ಪ ಕಾಲದಲ್ಲಿ ವಿದ್ಯುದಂಶವನ್ನು ತುಂಬಿಸಬೇಕು. ಅದಕ್ಕೆ ಕ್ಷಣಮಾತ್ರ ಆಂಪೇರುಗಟ್ಟಲೆ ಪ್ರವಾಹ ಬೇಕು. ಈ ಕೆಲಸವನ್ನು ಸ್ವಿಚ್ಚುಗಳ ಪಕ್ಕದಲ್ಲಿಯೇ ಇರುವ ಚಾಲಕ ಎಂಬ ಇನ್ನೊಂದು ಚಿಪ್ ಮಾಡುತ್ತದೆ. ಒಂದು ಸ್ವಿಚ್ಚು ಪೂರ್ತಿ ಆರಿದ ಮೇಲೆಯೇ ಇನ್ನೊಂದನ್ನು ಹಾಕಿ, ಮೊದಲನೆಯ ಅಪಾಯವನ್ನು ತಪ್ಪಿಸುವುದೂ ಅದರ ಹೊಣೆಯೇ.

ಇವೆರಡರ ನಡುವೆ ಸಾಮಾನ್ಯವಾಗಿ ಒಂದೇ ಸಂಕೇತ ತಂತಿ. ಅದರ ವಿಭವವು ಮೇಲಿದ್ದರೆ ‘ಮೇಲಣ ಸ್ವಿಚ್ಚನ್ನು ಹಾಕು’. ಕೆಳಗಿದ್ದರೆ ‘ಕೆಳಗಣದನ್ನು ಹಾಕು’. ಆದರೆ ‘ಎರಡನ್ನೂ ಆರಿಸು’ ಎಂದು ಹೇಳುವುದು ಹೇಗೆ?

ಮೌನವೂ ಅಪ್ಪಣೆಯೇ

ಉಪಾಯವು ಸರಳವಾಗಿದೆ. ನಿಯಂತ್ರಕವು ತಂತಿಯನ್ನು ಮೇಲಕ್ಕೂ ಎಳೆಯದೆ ಕೆಳಕ್ಕೂ ಎಳೆಯದೆ ಕೈಬಿಡುತ್ತದೆ. ಆಗ ಚಾಲಕದೊಳಗಿನ ಎರಡು ರೋಧಕಗಳು ತಂತಿಯನ್ನು ನಡುಮಟ್ಟದಲ್ಲಿ ನಿಲ್ಲಿಸುತ್ತವೆ. ನಡುಮಟ್ಟವನ್ನು ಕಂಡ ಚಾಲಕವು ಎರಡು ಸ್ವಿಚ್ಚುಗಳನ್ನೂ ಆರಿಸುತ್ತದೆ.

ಇಲ್ಲಿ ಚುರುಕಾದ ವಿದ್ಯಾರ್ಥಿಯು ಒಂದು ಆಕ್ಷೇಪವನ್ನು ಎತ್ತಬಹುದು. ಸಂಕೇತವು ಮೇಲಿನಿಂದ ಕೆಳಕ್ಕೆ ಇಳಿಯುವಾಗಲೆಲ್ಲ ನಡುಮಟ್ಟವನ್ನು ದಾಟಲೇಬೇಕಲ್ಲವೆ? ನಿಜ. ಆದುದರಿಂದ ಚಾಲಕವು ಸ್ವಲ್ಪ ಕಾಯುತ್ತದೆ. ಗೊತ್ತುಪಡಿಸಿದ ಅತ್ಯಲ್ಪ ಕಾಲವನ್ನು ಮೀರಿ ತಂತಿಯು ನಡುವೆಯೇ ನಿಂತರೆ ಮಾತ್ರ ಅದನ್ನು ಅಪ್ಪಣೆಯೆಂದು ಗಣಿಸುತ್ತದೆ. ಯಕ್ಷಗಾನದಲ್ಲಿ ಎರಡು ಪೆಟ್ಟುಗಳ ನಡುವಣ ಬಿಡುವನ್ನು ಪದ್ಯವೇ ಮುಗಿದ ಬಿಡುವೆಂದು ಮದ್ದಳೆಗಾರನು ಭ್ರಮಿಸುವುದಿಲ್ಲವಷ್ಟೆ, ಇದೂ ಹಾಗೆಯೇ.

ಉಳಿತಾಯದ ಲೆಕ್ಕವನ್ನು ನೋಡಿ. ಒಂದು ದ್ವಾರಕ್ಕೆ ಪ್ರತಿಸಲವೂ 5 ವೋಲ್ಟಿನಲ್ಲಿ 20 ನ್ಯಾನೋಕೂಲಂಬು ತುಂಬಬೇಕೆಂದಿಟ್ಟುಕೊಳ್ಳೋಣ. ಸಲವೊಂದಕ್ಕೆ ಒಂದು ಜೂಲಿನ ಕೋಟಿಯ ಒಂದಂಶ ವ್ಯಯ. ಸೆಕೆಂಡಿಗೆ 5 ಲಕ್ಷ ಸಲವಾದರೆ 0.05 ವಾಟು, ಎರಡು ಸ್ವಿಚ್ಚುಗಳಿಗೆ 0.1 ವಾಟು. ಇಂತಹ ಆರು ಜೋಡಿಗಳಿದ್ದರೆ 0.6 ವಾಟು. ಪ್ರೊಸೆಸರು ತೂಕಡಿಸುತ್ತಿರುವಾಗ ಇದು ಸಣ್ಣ ಮೊತ್ತವಲ್ಲ. ನಿಯಂತ್ರಕವು ಐದು ಜೋಡಿಗಳ ತಂತಿಯನ್ನು ನಡುಮಟ್ಟಕ್ಕೆ ಬಿಟ್ಟು ಒಂದನ್ನೇ ದುಡಿಸಿದರೆ ಅದರಲ್ಲಿ 0.5 ವಾಟು ಉಳಿಯುತ್ತದೆ.

ಇನ್ನೊಂದು ಪ್ರಯೋಜನವೂ ಇದೆ. ತಂತಿಯೇ ಕಡಿದುಹೋಯಿತೆನ್ನಿ. ಚಾಲಕವು ಅದನ್ನು ‘ಮೇಲು’ ಎಂದು ತಿಳಿದರೆ 1 ವೋಲ್ಟಿನ ಪ್ರೊಸೆಸರಿನ ಮೇಲೆ 12 ವೋಲ್ಟು ಬಿದ್ದು ಅದು ಹಾಳಾಗುತ್ತದೆ. ಆದರೆ ಕೈಬಿಟ್ಟ ತಂತಿಯು ತಾನಾಗಿ ನಡುಮಟ್ಟಕ್ಕೆ ಬರುವುದರಿಂದ ಸ್ವಿಚ್ಚುಗಳೆರಡೂ ಆರುತ್ತವೆ.

ಕೋಲಾರದ ಉದಾಹರಣೆ

ನಿರ್ಣಯಿಸುವವನು ಒಂದೆಡೆ, ಸ್ವಿಚ್ಚು ಇನ್ನೊಂದೆಡೆ ಎಂಬ ಈ ಸಮಸ್ಯೆಯು ಬೃಹತ್ತಾದ ರೂಪದಲ್ಲಿ ಕೋಲಾರದಲ್ಲಿದೆ. ಒಡಿಶಾದ ತಾಲ್ಚೇರಿನಿಂದ 500 ಕಿಲೋವೋಲ್ಟಿನ ನೇರ ವಿದ್ಯುತ್ತನ್ನು ತರುವ ಮಾರ್ಗವು 2003ರಲ್ಲಿ ಇಲ್ಲಿಗೆ ಬಂದಿತು. ಇದನ್ನು ಪರ್ಯಾಯ ವಿದ್ಯುತ್ತಾಗಿ ಮಾರ್ಪಡಿಸುವ ಥೈರಿಸ್ಟರುಗಳು ನೆಲಕ್ಕಿಂತ ಲಕ್ಷಗಟ್ಟಲೆ ವೋಲ್ಟು ಮೇಲಿರುತ್ತವೆ. ಅಷ್ಟು ಎತ್ತರದ ವಿಭವಕ್ಕೆ ಲೋಹದ ತಂತಿಯಲ್ಲಿ ಅಪ್ಪಣೆ ಕಳುಹುವಂತಿಲ್ಲ. ಗಾಜಿನ ಎಳೆಗಳಲ್ಲಿ ಬೆಳಕಿನ ಮಿಡಿತಗಳಾಗಿ ಕಳುಹುತ್ತಾರೆ.

ಲ್ಯಾಪ್‌ಟಾಪಿನಲ್ಲಾಗಲಿ ಕೋಲಾರದಲ್ಲಾಗಲಿ ಸ್ವಿಚ್ಚಿನ ಬಲವೊಂದೇ ಸಾಲದು. ಸಕಾಲದಲ್ಲಿ ತಪ್ಪಿಲ್ಲದೆ ತಲುಪುವ ಅಪ್ಪಣೆ ಬೇಕು. ಅಲೆವೂರಿನ ಆ ವಿದ್ಯಾರ್ಥಿಗೆ ಇನ್ನಷ್ಟು ಹೊತ್ತು ಓದಲು ಬೆಳಕು ಉಳಿದಿದ್ದರೆ, ಅದರಲ್ಲಿ ‘ಸುಮ್ಮನಿರು’ ಎಂಬ ಆ ಮೂರನೆಯ ಅಪ್ಪಣೆಯ ಪಾಲೂ ಇದೆ.