ಹಳೆಯ ಜೀಪು ಅಂಗಳಕ್ಕೆ ಬರುವ ಮುನ್ನ

ಕಳಸ, ಮೂಡಿಗೆರೆ, ಸಕಲೇಶಪುರ, ಮಡಿಕೇರಿ ಕಡೆಯ ಎಷ್ಟೋ ಒಂಟಿ ಮನೆಗಳಿಗೆ ಮಳೆಗಾಲದಲ್ಲಿ ತಲುಪುವ ಗಾಡಿ ಎಂದರೆ ಜೀಪು. ಹಾಲಿನ ಕ್ಯಾನು, ಹಿಂಡಿ ಮೂಟೆ, ಮೇವಿನ ಹೊರೆ, ಒಮ್ಮೊಮ್ಮೆ ಹೆರಿಗೆ ನೋವು ಬಂದ ಹೆಣ್ಣುಮಗಳು, ಎಲ್ಲವೂ ಅದರಲ್ಲೇ ಗುಡ್ಡ ಇಳಿಯಬೇಕು. ಹೊಸ ಫೋರ್ ವೀಲ್ ಗಾಡಿಯ ಬೆಲೆ ಕೇಳಿದವರು ಹಳೆಯ ಜೀಪಿನ ಕಡೆ ನೋಡುವುದು ಸಹಜ. ಮನೆಯಲ್ಲಿ ಮಗನಿಗೋ ಮೈದುನನಿಗೋ ಸ್ವಲ್ಪ ಮೆಕ್ಯಾನಿಕ್ ಕೆಲಸ ಗೊತ್ತಿದ್ದರಂತೂ “ತಂದು ನಾವೇ ರೆಡಿ ಮಾಡಿಕೊಳ್ಳೋಣ” ಎನ್ನುವ ಮಾತು ಬಂದೇ ಬರುತ್ತದೆ. ಆ ಮಾತಿನಲ್ಲಿ ತಪ್ಪೇನೂ ಇಲ್ಲ. ಆದರೆ ದುಡ್ಡು ಹೋಗುವುದು ಬಹುಪಾಲು ಹಾಲಿನ ಬಟವಾಡೆಯಿಂದ. ಗಾಡಿ ಬಿಚ್ಚುವುದು ಕೊಟ್ಟಿಗೆಯ ಪಕ್ಕದ ಅಂಗಳದಲ್ಲಿ. ಆದ್ದರಿಂದ ಇದು ಗಂಡಸರ ವಿಷಯ ಎಂದು ಒಳಗೆ ಹೋಗಬೇಡಿ, ಕೂತು ಕೇಳಿ.

ಜೀಪು ಹುಟ್ಟಿದ್ದು ಎರಡನೇ ಮಹಾಯುದ್ಧದಲ್ಲಿ, ಅಮೆರಿಕದ ಸೈನ್ಯಕ್ಕಾಗಿ. ಯುದ್ಧ ಮುಗಿದ ಮೇಲೆ ವಿಲ್ಲಿಸ್ ಕಂಪನಿ ಅದೇ ಗಾಡಿಯನ್ನು ಸ್ವಲ್ಪ ಬದಲಿಸಿ ರೈತರಿಗೆಂದು ಮಾರಿತು. 1940ರ ದಶಕದ ಕೊನೆಯ ಹೊತ್ತಿಗೆ ಮಹೀಂದ್ರಾ ಅದನ್ನು ಮುಂಬೈಯಲ್ಲಿ ಜೋಡಿಸಲು ಶುರುಮಾಡಿತು. ಇಂದು ನಮ್ಮ ಕಡೆ ಹಳೆಯ ಜೀಪು ಎಂದು ಬರುವವುಗಳಲ್ಲಿ ಎತ್ತರದ ಬಾನೆಟ್ಟಿನ ಸಿ.ಜೆ. 3ಬಿ ಒಂದು. ಅದರ ಪೆಟ್ರೋಲ್ ಎಂಜಿನ್ನೇ ಎತ್ತರ, ಅದಕ್ಕೇ ಬಾನೆಟ್ಟೂ ಎತ್ತರ. ಇನ್ನೊಂದು 1980ರ ದಶಕದ ಎಂ.ಎಂ. 540, ಪ್ಯೂಜೊ ವಿನ್ಯಾಸದ ಡೀಸೆಲ್ ಎಂಜಿನ್ನಿನದು. ಜೀಪಿನ ಆಕಾರ ಇದ್ದ ಮಾತ್ರಕ್ಕೆ ಎಲ್ಲವೂ ಫೋರ್ ವೀಲ್ ಅಲ್ಲ. ಬಗ್ಗಿ ಮುಂದಿನ ಆಕ್ಸೆಲ್ ನೋಡಿ. ಹಿಂದಿನ ಆಕ್ಸೆಲ್ಲಿನಲ್ಲಿ ಇರುವಂಥ ದಪ್ಪ ಗುಂಡು ಮುಂದೆಯೂ ಇದ್ದರೆ, ಅದಕ್ಕೆ ಶಾಫ್ಟ್ ಬಂದು ಸೇರಿದ್ದರೆ ಮಾತ್ರ ಮುಂದಿನ ಚಕ್ರಕ್ಕೂ ಎಳೆಯುವ ಶಕ್ತಿ ಇದೆ ಎಂದರ್ಥ.

ಕೊಳ್ಳುವಾಗ

ಹಸು ಕೊಳ್ಳುವಾಗ ಎರಡು ಮೂರು ಹೊತ್ತು ಹಾಲು ಕರೆದು ನೋಡದೆ ನೀವು ಹಣ ಕೊಡುವುದಿಲ್ಲ. ಹಿಂದಿನ ಹೊತ್ತು ಕರೆಯದೆ ಕೆಚ್ಚಲು ಉಬ್ಬಿಸಿ ನಿಲ್ಲಿಸುವ ದಲ್ಲಾಳಿಯ ಆಟವೂ ನಿಮಗೆ ಗೊತ್ತು. ಜೀಪು ಮಾರುವವರಲ್ಲೂ ಅಂಥದ್ದೇ ಒಂದು ಆಟ ಇದೆ: ನೀವು ಬರುವ ಮೊದಲೇ ಎಂಜಿನ್ ಓಡಿಸಿ ಬಿಸಿ ಮಾಡಿ ಇಟ್ಟಿರುತ್ತಾರೆ. ಬಿಸಿ ಎಂಜಿನ್ನು ಸುಲಭವಾಗಿ ಸ್ಟಾರ್ಟ್ ಆಗುತ್ತದೆ, ರೋಗ ಕಾಣುವುದಿಲ್ಲ. ಹೋದ ಕೂಡಲೇ ಬಾನೆಟ್ಟಿನ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬೆಳಿಗ್ಗೆ ಬರುತ್ತೇವೆ ಎನ್ನಿ.

ತಣ್ಣಗಿರುವಾಗಲೇ ಆಯಿಲ್ ಕಡ್ಡಿ ಎಳೆದು ನೋಡಿ. ಆಯಿಲ್ಲು ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ. ಸ್ಟಾರ್ಟ್ ಮಾಡಿದ ಮೇಲೆ ಬಿಡದೆ ನೀಲಿ ಹೊಗೆ ಬರುತ್ತಿದ್ದರೆ ಆಯಿಲ್ ಉರಿಯುತ್ತಿದೆ. ಇಷ್ಟಾದರೂ ಎಂಜಿನ್ನಿನ ರೋಗಕ್ಕೆ ಮದ್ದಿದೆ. ಈ ಗಾಡಿಗಳ ಬಿಡಿಭಾಗ ಈಗಲೂ ಸಿಗುತ್ತವೆ, ಕೈಕೆಲಸ ಬಲ್ಲ ಮೆಕ್ಯಾನಿಕ್ಕುಗಳೂ ಇದ್ದಾರೆ. ಮದ್ದಿಲ್ಲದ್ದು ಚಾಸಿಗೆ ಹಿಡಿದ ತುಕ್ಕು. ಚಾಸಿ ಎಂದರೆ ಗಾಡಿಯ ಬೆನ್ನುಮೂಳೆ. ಟಾರ್ಚ್ ಹಿಡಿದು ಕೆಳಗೆ ನೋಡಿ, ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ, ತಿಂದುಹೋದ ಕಬ್ಬಿಣ ಮಂಕಾಗಿ ಸದ್ದು ಮಾಡುತ್ತದೆ. ಸ್ಪ್ರಿಂಗ್ ಕಟ್ಟಿರುವ ಕಡೆ ಮತ್ತು ಸ್ಟೇರಿಂಗ್ ಬಾಕ್ಸ್ ಕೂತಿರುವ ಕಡೆ ಬಿರುಕು, ಹಳೆಯ ವೆಲ್ಡಿಂಗ್ ಗಾಯ ಇದೆಯೇ ಎಂದು ವಿಶೇಷವಾಗಿ ಹುಡುಕಿ. ಮೈಮೇಲೆ ಬಟ್ಟೆ ಸುತ್ತಿದ ಅಯಸ್ಕಾಂತ ಆಡಿಸಿ. ಅಂಟದ ಜಾಗದಲ್ಲಿ ತಗಡಿಲ್ಲ, ಪುಟ್ಟಿ ಮೆತ್ತಿದ್ದಾರೆ. ಹೊಳೆಯುವ ಪೇಂಟಿನ ಜೀಪಿಗಿಂತ ಮಾಸಿದ, ತಟ್ಟಿದರೆ ಟಣ್ ಎನ್ನುವ ಜೀಪೇ ಲೇಸು.

ಕಾಗದಪತ್ರ ಸರಿಯಿಲ್ಲದಿದ್ದರೆ ಚಾಸಿ ಎಷ್ಟು ಗಟ್ಟಿಯಿದ್ದರೂ ಕೈಮುಗಿದು ಬನ್ನಿ. ಆರ್‌.ಸಿ.ಯಲ್ಲಿರುವ ಚಾಸಿ ನಂಬರು, ಎಂಜಿನ್ ನಂಬರು ಗಾಡಿಯ ಮೇಲೆ ಒತ್ತಿರುವ ನಂಬರಿಗೆ ತಾಳೆಯಾಗಬೇಕು. ಪೆಟ್ರೋಲ್ ಜೀಪಿಗೆ ಯಾವುದೋ ಡೀಸೆಲ್ ಎಂಜಿನ್ ಇಳಿಸಿರುವುದು ಬಹಳ ಸಾಮಾನ್ಯ. ಅದು ಆರ್‌.ಸಿ.ಯಲ್ಲಿ ಏರಿದೆಯೇ ನೋಡಿ, ಏರಿಲ್ಲದಿದ್ದರೆ ಆ ತಲೆನೋವು ನಿಮ್ಮದಾಗುತ್ತದೆ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಪರೀಕ್ಷೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು, 2022ರ ಏಪ್ರಿಲ್‌ನಿಂದ ಅದರ ಶುಲ್ಕವೂ ಏರಿದೆ. ನವೀಕರಣವಾಗದೆ ವರ್ಷಗಟ್ಟಲೆ ನಿಂತ ಗಾಡಿಯಾದರೆ ಮೊದಲು ಆರ್‌.ಟಿ.ಒ. ಕಚೇರಿಯಲ್ಲಿ ವಿಚಾರಿಸಿ, ಮುಂಗಡ ಆಮೇಲೆ ಕೊಡಿ. ಹೆಸರು ವರ್ಗಾವಣೆಗೆ ನಮೂನೆ 29 ಮತ್ತು 30 ಬೇಕು. ಬ್ಯಾಂಕ್ ಸಾಲ ಇದ್ದ ಗಾಡಿಯಾದರೆ ಸಾಲ ತೀರಿದ್ದಕ್ಕೆ ನಮೂನೆ 35, ಹೊರರಾಜ್ಯದ್ದಾದರೆ ನಮೂನೆ 28ರ ನಿರಾಕ್ಷೇಪಣಾ ಪತ್ರ. ಹಾಲಿನ ದುಡ್ಡಿನಲ್ಲಿ ಕೊಂಡ ಗಾಡಿಯ ಆರ್‌.ಸಿ. ನಿಮ್ಮ ಹೆಸರಿಗೇ ಆಗಲಿ. ಓಡಿಸಲು ಬಾರದಿದ್ದರೂ ಒಡತಿಯಾಗಲು ಅಡ್ಡಿಯಿಲ್ಲ.

ಖರ್ಚಿನ ಲೆಕ್ಕ ಒಂದೇ ಮಾತಿನದು: ಕೊಂಡ ಬೆಲೆಯಷ್ಟೇ ಇನ್ನೊಮ್ಮೆ ಆಗುತ್ತದೆ ಎಂದುಕೊಂಡು ಹೊರಡಿ. ಕರೆಯುವ ಹಸು ಮಾರಿ ನಿಂತ ಜೀಪು ತರುವುದು ನನಗಂತೂ ಸರಿಕಾಣುವುದಿಲ್ಲ.

ಬಿಚ್ಚುವಾಗ

ಬಿಚ್ಚುವ ಮೊದಲು ಪ್ರತಿ ಭಾಗದ ಫೋಟೋ ಮೊಬೈಲಿನಲ್ಲಿ ತೆಗೆದಿಡಿ. ನಟ್ಟು ಬೋಲ್ಟುಗಳನ್ನು ಮುಚ್ಚಳವಿರುವ ಡಬ್ಬಗಳಲ್ಲಿ ಹಾಕಿ, ಯಾವ ಜಾಗದ್ದೆಂದು ಚೀಟಿ ಅಂಟಿಸಿ. ಹುಡುಗರು ಮೊದಲು ಪೇಂಟಿನ ಮಾತೆತ್ತುತ್ತಾರೆ. ಪೇಂಟು ಕೊನೆಗೆ. ಬ್ರೇಕು ಮೊದಲು, ಆಮೇಲೆ ಸ್ಟೇರಿಂಗು, ಡೀಸೆಲ್ ಪೈಪು, ವೈರಿಂಗು. ಹಳೆಯ ಜೀಪುಗಳಲ್ಲಿ ನಾಲ್ಕೂ ಚಕ್ರದ ಬ್ರೇಕಿಗೆ ಆಯಿಲ್ ಹೋಗುವುದು ಒಂದೇ ಮಾಸ್ಟರ್ ಸಿಲಿಂಡರಿನ ಒಂದೇ ದಾರಿಯಲ್ಲಿ. ಎಲ್ಲೋ ಒಂದು ಕಡೆ ಪೈಪು ಸೋರಿದರೆ ನಾಲ್ಕೂ ಹೋದಂತೆ. ಘಾಟಿಯಲ್ಲಿ ಹಾಲಿನ ಕ್ಯಾನು ತುಂಬಿಕೊಂಡು ಇಳಿಯುವ ಗಾಡಿ ಇದು. ಬ್ರೇಕಿನ ಪೈಪು, ರಬ್ಬರುಗಳನ್ನು ಹಳೆಯದೇ ಇರಲಿ ಎನ್ನದೆ ಎಲ್ಲವನ್ನೂ ಬದಲಾಯಿಸಿ, ಆ ಕೆಲಸ ಮಾತ್ರ ಅನುಭವಿ ಮೆಕ್ಯಾನಿಕ್ಕಿನ ಕೈಯಲ್ಲಿ ಆಗಲಿ. ಜಾಕಿ ಒಂದನ್ನೇ ನಂಬಿ ಯಾರೂ ಗಾಡಿಯ ಕೆಳಗೆ ಹೋಗಬಾರದು, ಗಟ್ಟಿ ಸ್ಟ್ಯಾಂಡ್ ಕೊಟ್ಟು ಚಕ್ರಕ್ಕೆ ಕಲ್ಲು ಇಡಬೇಕು. ಪೆಟ್ರೋಲ್ ಟ್ಯಾಂಕು ಖಾಲಿ ಇದ್ದರೂ ಮನೆಯಲ್ಲಿ ವೆಲ್ಡಿಂಗ್ ಮಾಡುವುದು ಬೇಡ. ಒಳಗಿನ ಆವಿ ಸಿಡಿಯುತ್ತದೆ.

ಕೊಟ್ಟಿಗೆಯ ಕಡೆ ಗಮನ

ಗಾಡಿ ರಿಪೇರಿ ಹೇಳಿಕೊಡುವವರು ಯಾರೂ ಈ ಮಾತು ಹೇಳುವುದಿಲ್ಲ, ಅವರ ಅಂಗಳದಲ್ಲಿ ಕರು ಇರುವುದಿಲ್ಲ. ಹಳೆಯ ಬ್ಯಾಟರಿಯಲ್ಲಿ ಇರುವುದು ಸೀಸ. ಹಳೆಯ ಪೇಂಟಿನಲ್ಲೂ ಸೀಸ ಇರುತ್ತದೆ. ದನಗಳಿಗೆ, ಅದರಲ್ಲೂ ಕರುಗಳಿಗೆ, ಕಂಡದ್ದನ್ನು ನೆಕ್ಕುವ ಚಾಳಿ. ಒಡೆದ ಬ್ಯಾಟರಿಯ ಚೂರು, ಉಜ್ಜಿ ಉದುರಿದ ಪೇಂಟಿನ ಪುಡಿ, ಬಸಿದ ಆಯಿಲ್ಲು, ಯಾವುದನ್ನೂ ಅವು ಬಿಡುವುದಿಲ್ಲ. ಸೀಸದ ವಿಷ ಏರಿದ ದನ ಕಣ್ಣು ಕಾಣದಂತೆ ಗೋಡೆಗೆ ಡಿಕ್ಕಿ ಹೊಡೆಯುತ್ತದೆ, ಹಲ್ಲು ಕಡಿಯುತ್ತದೆ, ಜೊಲ್ಲು ಸುರಿಸುತ್ತದೆ, ಮೈ ನಡುಗಿಸಿ ಬೀಳುತ್ತದೆ. ಕೆಲವು ಕರುಗಳು ಲಕ್ಷಣ ತೋರುವ ಮೊದಲೇ ಸಾಯುತ್ತವೆ. ಬದುಕಿದ ಹಸುವಿನ ಹಾಲಿಗೂ ಸೀಸ ಇಳಿಯುತ್ತದೆ. ಇಂಥ ಅನುಮಾನ ಬಂದರೆ ಆ ಹಾಲನ್ನು ಸಂಘಕ್ಕೂ ಹಾಕಬೇಡಿ, ಮನೆಗೂ ಬಳಸಬೇಡಿ, ತಕ್ಷಣ ಪಶುವೈದ್ಯರನ್ನು ಕರೆಯಿರಿ. ಗಾಡಿ ರಿಪೇರಿ ನಡೆದಿದೆ ಎಂಬುದನ್ನು ಅವರಿಗೆ ನೀವೇ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾದೀತು?

ಇನ್ನೊಂದು ಅಪಾಯ ತಂತಿ. ಮೇವಿನ ಜೊತೆ ಒಳಗೆ ಹೋದ ತಂತಿ, ಮೊಳೆ ಹಸುವಿನ ಎರಡನೇ ಹೊಟ್ಟೆಯಲ್ಲಿ ನಿಲ್ಲುತ್ತದೆ, ಅಲ್ಲಿಂದ ಹೃದಯ ಬಹಳ ಹತ್ತಿರ. ಚುಚ್ಚಿದಾಗ ಹಸು ಮೇವು ಬಿಡುತ್ತದೆ, ಹಾಲು ಒಮ್ಮೆಲೇ ಇಳಿಯುತ್ತದೆ, ಬೆನ್ನು ಬಿಲ್ಲಿನಂತೆ ಬಾಗಿಸಿ ನಿಲ್ಲುತ್ತದೆ, ಇಳಿಜಾರಿನಲ್ಲಿ ನಡೆಯಲು ಹಿಂಜರಿಯುತ್ತದೆ. ಹೃದಯಕ್ಕೆ ತಾಗಿದರೆ ಎದೆಯ ಮುಂಭಾಗ ಬಾತು ಬರುತ್ತದೆ, ಆಗ ಉಳಿಸುವುದು ಕಷ್ಟ. ತುಕ್ಕು ಉಜ್ಜುವ ತಂತಿ ಬ್ರಷ್ಷಿನ ಕಡ್ಡಿಗಳು ಕೂದಲಿನಷ್ಟು ತೆಳುವಾಗಿದ್ದು ಹುಲ್ಲಿನೊಳಗೆ ಕಾಣುವುದೇ ಇಲ್ಲ. ಕೆಟ್ಟ ಸ್ಪೀಕರಿನ ಅಯಸ್ಕಾಂತಕ್ಕೆ ಹಗ್ಗ ಕಟ್ಟಿ ದಿನದ ಕೆಲಸ ಮುಗಿದ ಮೇಲೆ ಅಂಗಳದ ತುಂಬ ಎಳೆದಾಡಿ. ಅದಕ್ಕೆ ಅಂಟಿ ಬರುವುದನ್ನು ನೋಡಿದ ಮೇಲೆ ಯಾರೂ ಬೇಡ ಎನ್ನುವುದಿಲ್ಲ.

ಆದ್ದರಿಂದ ಗಾಡಿ ಬಿಚ್ಚುವ ಜಾಗ ಕೊಟ್ಟಿಗೆ, ಹುಲ್ಲಿನ ಬಣವೆ, ಬಾವಿಯಿಂದ ದೂರ ಇರಲಿ, ಸುತ್ತ ಬೇಲಿ ಇರಲಿ, ಕೆಳಗೆ ಟಾರ್ಪಲಿನ್ ಹಾಸಿರಲಿ. ಪೇಂಟನ್ನು ಒಣಗಿದಂತೆ ಉಜ್ಜದೆ ನೀರು ಹಾಕಿ ಉಜ್ಜಿ, ಆ ಕೆಸರನ್ನು ಗೊಬ್ಬರದ ಗುಂಡಿಗೆ ಚೆಲ್ಲದೆ ಡಬ್ಬದಲ್ಲಿ ಕಟ್ಟಿಡಿ. ಹಳೆಯ ಬ್ರೇಕ್ ಲೈನಿಂಗಿನ ಧೂಳಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ರೇಡಿಯೇಟರಿನ ಕೂಲೆಂಟ್ ಸಿಹಿ ರುಚಿಯದು, ವಿಷ. ನಾಯಿ, ದನ ಎರಡೂ ಕುಡಿಯುತ್ತವೆ. ಬಸಿದ ಆಯಿಲ್ಲನ್ನು ಕಜ್ಜಿಗೆಂದು ದನದ ಮೈಗೆ ಸವರುವ ಹಳೆಯ ಅಭ್ಯಾಸ ಕೆಲವು ಮನೆಗಳಲ್ಲಿ ಇನ್ನೂ ಇದೆ. ಅದನ್ನು ದಯವಿಟ್ಟು ನಿಲ್ಲಿಸಿ.

ಓಡಲು ಸಿದ್ಧವಾದಾಗ

ಮಿಲಿಟರಿ ಹಸಿರು ಬಣ್ಣ ಬೇಡ. ಮೋಟಾರು ವಾಹನ ನಿಯಮದಂತೆ ಅದು ಸೇನೆಯ ಗಾಡಿಗಳಿಗೆ ಮಾತ್ರ. ಫೋರ್ ವೀಲ್ ಲಿವರನ್ನು ಕೆಸರು, ಜಾರುವ ನೆಲದಲ್ಲಷ್ಟೇ ಹಾಕಬೇಕು. ಒಣ ಟಾರು ರಸ್ತೆಯಲ್ಲಿ ಹಾಕಿ ಓಡಿಸಿದರೆ ಗೇರುಗಳು ಬಿಗಿದುಕೊಂಡು ಸವೆಯುತ್ತವೆ. ಇತರರ ಹಾಲನ್ನು ಬಾಡಿಗೆಗೆ ಸಾಗಿಸುವ ಯೋಚನೆಯಿದ್ದರೆ ಬಿಳಿ ಬೋರ್ಡ್ ನಡೆಯುವುದಿಲ್ಲ, ವಿಮೆಯೂ ಕೈಹಿಡಿಯದಿರಬಹುದು.

ಮೊದಲ ಒಂದು ವಾರ ಖಾಲಿ ಗಾಡಿಯನ್ನೇ ಘಾಟಿಯಲ್ಲಿ ಹತ್ತಿಸಿ ಇಳಿಸಿ, ದಿನವೂ ಬ್ರೇಕ್ ಆಯಿಲ್ ಮಟ್ಟ ನೋಡಿ. ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಆಮೇಲೆ ಕ್ಯಾನು ಏರಿಸಿ. 40 ಲೀಟರಿನ ಕ್ಯಾನು ತುಂಬಿದಾಗ ಹಾಲೇ 41 ಕಿಲೋ ದಾಟುತ್ತದೆ, ಕ್ಯಾನಿನ ತೂಕ ಬೇರೆ. ಹಗ್ಗ ಬಿಗಿದು ಕಟ್ಟದಿದ್ದರೆ ತಿರುವಿನಲ್ಲಿ ಒಂದು ಕಡೆಗೆ ಸರಿದು ಗಾಡಿಯನ್ನೇ ವಾಲಿಸುತ್ತದೆ. ಡೀಸೆಲ್ ಡಬ್ಬ, ಆಯಿಲ್ ಬಟ್ಟೆಗಳನ್ನು ಕ್ಯಾನಿನ ಜೊತೆ ಇಡಬೇಡಿ. ಹಾಲು ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಸಂಘದಲ್ಲಿ ಮುಚ್ಚಳ ತೆಗೆದು ಮೂಸಿದವರಿಗೆ ಮೊದಲು ಗೊತ್ತಾಗುವುದೂ ಅದೇ.